ಮೀನಖಂಡ

ನಸುಕಿನ ಮೂರೂವರೆಗೆ ಸರಿಯಾಗಿ
ಎಡಗಾಲಿನ ಮೀನಖಂಡ ಗಾಳ ಕಚ್ಚುತ್ತದೆ.
ಯಾರು ಎಳೆಯುತ್ತಾರೋ ದಾರದ ಆ ತುದಿ,
ಚಾಪೆಯಿಂದ ಅರ್ಧ ಮೇಲೇಳುತ್ತೇನೆ
ಬಾಯಿ ತೆರೆದು, ಸದ್ದಿಲ್ಲದೆ.
ಪಕ್ಕದಲ್ಲಿ ಮಗಳು ಮಲಗಿದ್ದಾಳೆ, ನಾಳೆ ಅವಳಿಗೆ ಪರೀಕ್ಷೆ.

ಹಂಪನಕಟ್ಟೆಯ ಸೀರೆಯಂಗಡಿಯಲ್ಲಿ ಹದಿನೇಳು ವರ್ಷ.
ಕುರ್ಚಿ ಗಿರಾಕಿಗೆ, ಗಾದಿ ಧಣಿಗಳಿಗೆ,
ನಮಗೆ ನೆಲ ಉಂಟು, ಅದರ ಮೇಲೆ ಎರಡು ಪಾದ.
ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟೂವರೆ
"ಇದರಲ್ಲೇ ಬೇರೆ ಬಾರ್ಡರ್ ಉಂಟು, ತೋರಿಸ್ತೇನೆ"
ಅನ್ನುತ್ತ ಹರಡಿ, ಮಡಚಿ, ಹರಡಿ,
ಮೂವತ್ತೆರಡು ತೆಗೆಸಿ "ಇನ್ನೊಮ್ಮೆ ಬರ್ತೇವೆ" ಎಂದವರ
ಬೆನ್ನಿಗೆ ನಕ್ಕು.

ವೆನ್ಲಾಕಿನ ಸಣ್ಣ ಪ್ರಾಯದ ಡಾಕ್ಟರಮ್ಮ
ರಕ್ತದ ಚೀಟಿ ನೋಡಿ ಹೇಳಿದಳು,
"ನಿಮಗೆ ಬಿಸಿಲು ಕಡಿಮೆ."
ನನಗೆ ನಗು ಬಂತು.
ಕೊಡೆಯಿಲ್ಲದೆ ಎರಡು ಹೆಜ್ಜೆ ಇಡಲಾಗದ ಊರು ಇದು,
ಹರಡಿದ ಬಂಗುಡೆ ಎರಡೇ ಹಗಲಿಗೆ ಕಟ್ಟಿಗೆಯಾಗುವ ಊರು.
"ಹನ್ನೊಂದರಿಂದ ಎರಡರ ಒಳಗೆ
ಸ್ವಲ್ಪ ಹೊತ್ತು ಹೊರಗೆ ನಿಂತಿದ್ದರೂ ಆಗ್ತಿತ್ತು"
ಅಂದಳು, ಬರೆಯುತ್ತ.
ಆ ಹೊತ್ತಿಗೆ ನಾನು ಟ್ಯೂಬ್‌ಲೈಟಿನ ಕೆಳಗೆ
ಯಾರದೋ ಮನೆಯ ಮದುಮಗಳ ಹೆಗಲಿಗೆ ಸೆರಗು ಹಾಕಿ
"ನಿಮ್ಮ ಬಣ್ಣಕ್ಕೆ ಇದು ಎದ್ದು ಕಾಣ್ತದೆ" ಎನ್ನುತ್ತಿರುತ್ತೇನೆ.

ಹಾಗಾಗಿ ಈಗ ವಾರಕ್ಕೊಂದು ಪೊಟ್ಟಣ ಬಿಸಿಲು.
ಅರುವತ್ತು ಸಾವಿರ ಅಂತ ಬರೆದಿದೆ ಅದರ ಮೇಲೆ,
ಇಷ್ಟು ದೊಡ್ಡ ಸಂಖ್ಯೆ ನನ್ನ ಹೆಸರಿಗೆ ಬಂದದ್ದು ಇದೇ ಮೊದಲು.
ಆದಿತ್ಯವಾರ ಹಾಲಿಗೆ ಕದಡಿ ಕುಡಿಯುತ್ತೇನೆ.
ಕಿತ್ತಳೆಯ ಸುಳ್ಳು ಪರಿಮಳ.

ಮಧ್ಯಾಹ್ನ ಮೆಟ್ಟಿಲಿನ ಕೆಳಗೆ ಬುತ್ತಿ ಬಿಚ್ಚಿದರೆ
ಉಪ್ಪಿನಕಾಯಿಯ ಜೊತೆ ಮಾತ್ರೆಗಳೂ ಹೊರಬರುತ್ತವೆ.
ಐರಿನಳದು ಕಬ್ಬಿಣ, ತುಕ್ಕಿನ ಬಣ್ಣದ್ದು;
ಅದರ ಮೇಲೆ ಚಾ ಕುಡಿಯಬಾರದಂತೆ, ಕುಡಿಯುತ್ತಾಳೆ.
ನಫೀಸಳ ಗಂಡ ದಮ್ಮಾಮಿನಿಂದ ತಂದ ಡಬ್ಬಿಯಲ್ಲಿ
ಎ-ಯಿಂದ ಝಿಂಕ್‌ವರೆಗೆ ಎಲ್ಲ ಉಂಟು,
ಕುದುರೆಗೆ ಕೊಡುವಷ್ಟು ದಪ್ಪ.
ಅದನ್ನು ಚೂರಿಯಿಂದ ಎರಡು ಮಾಡಿ
ಅರ್ಧ ಪ್ರೇಮಲತಕ್ಕನಿಗೆ. ಪ್ರೇಮಲತಕ್ಕ
ಯಾವ ಡಾಕ್ಟರನ್ನೂ ನೋಡಿದವಳಲ್ಲ,
"ಎಲ್ಲರೂ ತಿನ್ನುವಾಗ ನಾನೊಬ್ಬಳು ಬಾಯಿ ನೋಡುವುದಾ ಮಾರಾಯ್ತಿ?"
ಮರುದಿನ ಅವಳೇ ಓಡಿ ಬಂದು ಕಿವಿಯಲ್ಲಿ:
"ಆ ಮೇಲಿನ ರ್‍ಯಾಕಿನ ಅರಸಿನ ಕಾಂಚೀಪುರಂ ಉಂಟಲ್ಲ, ಅದೇ ಬಣ್ಣ!
ದುಡ್ಡೆಲ್ಲ ಹಾಗೇ ಹೋಯಿತು."

ನನ್ನ ಸುಣ್ಣದ ಮಾತ್ರೆಯ ಕತೆ ಬೇರೆ.
ಸ್ಟ್ರಿಪ್ಪಿನ ಹಿಂದಿನ ಇರುವೆ ಅಕ್ಷರವನ್ನು
ಮೆಡಿಕಲಿನ ಎಲ್ರೋಯ್ ಓದಿ ಹೇಳಿದ,
ಚಿಪ್ಪಿನಿಂದ ಮಾಡಿದ್ದು ಅಕ್ಕ, ಸಮುದ್ರದ್ದು.
ನಾನು ಕೌಂಟರ್ ಹಿಡಿದು ನಿಂತೆ.
ಗುರುಪುರ ಹೊಳೆಯ ಇಳಿತದಲ್ಲಿ ಸೊಂಟದವರೆಗೆ ಇಳಿದು
ಕಾಲಬೆರಳಿನಿಂದಲೇ ಮರುವಾಯಿ ಹುಡುಕುತ್ತಿದ್ದಳು ಅಮ್ಮ.
ಮಾಂಸ ನಾವು ತಿಂದೆವು, ಪುಂಡಿಯ ಜೊತೆ,
ಚಿಪ್ಪು ತೆಂಗಿನ ಬುಡಕ್ಕೆ ಎಸೆದೆವು, ಬುಟ್ಟಿ ಬುಟ್ಟಿ;
ಮಿಕ್ಕಿದ್ದನ್ನು ಸುಣ್ಣ ಸುಡುವವ ಹೊತ್ತೊಯ್ಯುತ್ತಿದ್ದ.
ಎಪ್ಪತ್ತರಲ್ಲೂ ಕುಕ್ಕರಗಾಲಲ್ಲಿ ಕೂತು ಏಳುತ್ತಿದ್ದಳು ಅಮ್ಮ,
ವೀಳ್ಯಕ್ಕೆ ಉಗುರಿನಷ್ಟು ಸುಣ್ಣ ಸವರಿ.
ನಾನು ಹದಿನೈದಕ್ಕೆ ನೂರ ಮೂವತ್ತು ಕೊಟ್ಟು
ಎಸೆದ ಚಿಪ್ಪನ್ನು ವಾಪಸು ತರುತ್ತಿದ್ದೇನೆ.

ಗುಣ ಉಂಟಾ, ಎಂದು ಕೇಳುತ್ತಾರೆ.
ಹೇಗೆ ಹೇಳುವುದು.
ಆಟಿ ತಿಂಗಳಲ್ಲಿ ಹದಿನೆಂಟು ದಿನ ಗಾಳ ಬೀಳಲಿಲ್ಲ,
ಎಲ್ರೋಯ್‌ಗೆ ಹೇಳಿ ಇನ್ನೆರಡು ಸ್ಟ್ರಿಪ್ ತೆಗೆದಿಟ್ಟೆ.
ಆದರೆ ಆಟಿಯಲ್ಲಿ ಮದುವೆ ಇಲ್ಲ, ಗಿರಾಕಿ ಇಲ್ಲ,
ಮಧ್ಯಾಹ್ನದ ಮೇಲೆ ಧಣಿಗಳು ತೂಕಡಿಸುವಾಗ
ಸೀರೆಯ ಕಟ್ಟುಗಳ ಹಿಂದೆ ನಾವು ನಾಲ್ವರು
ಕಾಲು ಚಾಚಿ ಕೂತಿದ್ದೆವು.
ಸೋಣ ಬಂತು. ಬಾಗಿಲಿಗೆ ತೋರಣ, ಮೈಕಿನಲ್ಲಿ ರಿಯಾಯಿತಿ.
ನಿಂತೆವು.

ತಣ್ಣನೆ ನೆಲಕ್ಕೆ ಅಂಗಾಲು ಒತ್ತಿ ನಿಂತಿದ್ದೇನೆ ಈಗ,
ಇದಕ್ಕೂ ನಿಲ್ಲುವುದೇ ಮದ್ದು, ನೋಡಿ.
ಮೀನು ಮೆಲ್ಲ ಸಡಿಲಾಗುತ್ತದೆ.
ದಕ್ಕೆಯ ಕಡೆಯಿಂದ ಬೋಟಿನ ಇಂಜಿನು.
ಸ್ಟ್ರಿಪ್ಪಿನಲ್ಲಿ ಇನ್ನು ಮೂರು ಗುಳ್ಳೆ ಉಳಿದಿದೆ,
ಶನಿವಾರದವರೆಗೆ ಬರುತ್ತದೆ.